ರಸ್ತೆಗೂ ಟ್ರ್ಯಾಕಿಗೂ ಒಂದೇ ಬ್ರೇಕ್ ಪ್ಯಾಡ್ ಸಾಕಾ, ಎರಡು ಸೆಟ್ ಇಟ್ಕೋಬೇಕಾ?

ಹೊಸಟಯರ್
ಎಲ್ಲರಿಗೂ ನಮಸ್ಕಾರ. ಬೈಕು 200 ಕೆಜಿ ಆಸುಪಾಸು. ಮುಂದೆ 320 ಎಂಎಂ ಜೋಡಿ ಡಿಸ್ಕ್, ಪ್ಯಾಡನ್ನ ಡಿಸ್ಕಿಗೆ ಒತ್ತೋ ನಾಲ್ಕು ಪಿಸ್ಟನ್ನಿನ ರೇಡಿಯಲ್ ಕ್ಯಾಲಿಪರ್, ಎಬಿಎಸ್ ಇದೆ. ವಾರವೆಲ್ಲ ಕೆಲಸಕ್ಕೆ ಹೋಗೋದು ಇದರಲ್ಲೇ, ಅಪರೂಪಕ್ಕೆ ರೇಸ್ ಟ್ರ್ಯಾಕಿನಲ್ಲಿ ಓಡಿಸೋ ಟ್ರ್ಯಾಕ್ ಡೇ. ಪ್ಯಾಡು ಬೈಕಿನ ಜೊತೆ ಬಂದದ್ದೇ, ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ರಸ್ತೆಯಲ್ಲಿ ಏನೂ ತಕರಾರಿಲ್ಲ. ಟ್ರ್ಯಾಕಿನಲ್ಲಿ ನಾಲ್ಕೈದು ಲ್ಯಾಪ್ ಆಗ್ತಿದ್ದ ಹಾಗೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತೆ. ರೇಸ್ ಪ್ಯಾಡ್ ಹಾಕಿಸಿಬಿಡೋಣ ಅನ್ನಿಸ್ತಿದೆ. ಅದನ್ನೇ ದಿನಾ ರಸ್ತೆಯಲ್ಲೂ ಓಡಿಸಬಹುದಾ? ಇಲ್ಲ ಎರಡಕ್ಕೂ ಆಗೋ ಪ್ಯಾಡ್ ಯಾವುದಾದ್ರೂ ಇದೆಯಾ?

ಎಚ್‌ಎಚ್‌ಭಕ್ತ
ಎಚ್‌ಎಚ್ ಸಿಂಟರ್ಡ್ ಹಾಕಿ ಗುರು, ಮುಗೀತು. ಅದರ ಮೇಲೆ ಗ್ರೇಡೇ ಇಲ್ಲ.

ಬ್ಲೀಡ್‌ನಿಪ್ಪಲ್
ಪ್ಯಾಡ್ ವಿಷಯ ಆಮೇಲೆ ನೋಡೋಣ. ಮೊದಲು ಮೂರು ಪ್ರಶ್ನೆ. ಲಿವರ್ ಹತ್ತಿರ ಬಂದಾಗ ಮೆತ್ತಗಿರುತ್ತಾ, ಗಟ್ಟಿ ಇರುತ್ತಾ? ಎರಡು ಸಲ ಪಂಪ್ ಮಾಡಿದ್ರೆ ಮೇಲೆ ಬರುತ್ತಾ? ಬ್ರೇಕ್ ಫ್ಲೂಯಿಡ್ ಬದಲಾಯಿಸಿ ಎಷ್ಟಾಯ್ತು?

ಹೊಸಟಯರ್
ಮೆತ್ತಗಿರುತ್ತೆ. ಪಂಪ್ ಮಾಡಿದ್ರೆ ಮೇಲೆ ಬರುತ್ತೆ, ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ಫ್ಲೂಯಿಡ್ ಬದಲಾಯಿಸಿ ಎರಡು ವರ್ಷದ ಮೇಲಾಗಿದೆ. ಡಬ್ಬಿಯ ಕಿಟಕಿಯಲ್ಲಿ ನೋಡಿದ್ರೆ ಕಂದು ಬಣ್ಣ.

ಬ್ಲೀಡ್‌ನಿಪ್ಪಲ್
ಹಾಗಾದ್ರೆ ನಿಮ್ಮ ತೊಂದರೆ ಪ್ಯಾಡಿನದಲ್ಲ. ಫ್ಲೂಯಿಡ್ ಕುದೀತಾ ಇದೆ.

ಬ್ರೇಕ್ ಸೋಲೋದ್ರಲ್ಲಿ ಎರಡು ಬಗೆ, ಕೈಗೆ ಬೇರೆ ಬೇರೆ ಥರ ಗೊತ್ತಾಗುತ್ತೆ. ಪ್ಯಾಡ್ ಸೋತರೆ ಲಿವರ್ ಗಟ್ಟಿಯಾಗೇ, ಇದ್ದ ಜಾಗದಲ್ಲೇ ಇರುತ್ತೆ. ಎಷ್ಟು ಹಿಂಡಿದರೂ ಬೈಕು ನಿಲ್ಲಲ್ಲ. ಫ್ಲೂಯಿಡ್ ಕುದ್ದರೆ ಕ್ಯಾಲಿಪರಿನಲ್ಲಿ ಆವಿಯ ಗುಳ್ಳೆ ಏಳುತ್ತೆ. ದ್ರವ ಒತ್ತಡಕ್ಕೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನೀವು ಹಿಂಡಿದ್ದೆಲ್ಲ ಗುಳ್ಳೆ ಅಮುಕೋದಕ್ಕೇ ಖರ್ಚಾಗಿ ಲಿವರ್ ಹ್ಯಾಂಡಲ್ಲಿಗೆ ಬಂದು ಮುಟ್ಟುತ್ತೆ.

ಡಾಟ್ ಅನ್ನೋದು ಫ್ಲೂಯಿಡಿನ ದರ್ಜೆ. ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಅದೇ ಫ್ಲೂಯಿಡ್ ಸುಮಾರು 3.7 ಶೇಕಡಾ ನೀರು ಹೀರಿಕೊಂಡ ಮೇಲೆ ಮಾನದಂಡ ಕೇಳೋದು ಬರೀ 155. ಡಾಟ್ 5.1 ಆದರೆ 260, ನೀರು ಹೀರಿದ ಮೇಲೆ 180. ಎರಡೂ ಗ್ಲೈಕಾಲ್ ಜಾತಿಯವು, ಮುಚ್ಚಿದ ವ್ಯವಸ್ಥೆಯಲ್ಲೂ ಹೋಸ್ ಮೂಲಕ ನಿಧಾನಕ್ಕೆ ತೇವ ಎಳ್ಕೊಳ್ತಾನೇ ಇರ್ತವೆ. ಎರಡು ವರ್ಷದ ಹಳೇ ಡಾಟ್ 4 ಟ್ರ್ಯಾಕಿಗೆ ಹೋಗಬಾರದು. ಮೊದಲು ಹೊಸ ಫ್ಲೂಯಿಡ್ ಹಾಕಿ, ಅದೇ ಪ್ಯಾಡಿನಲ್ಲಿ ಒಂದು ಸಲ ಓಡಿಸಿ ನೋಡಿ.

ತಿರುವುಗಾರ
+1. ಎಚ್‌ಎಚ್‌ಭಕ್ತರಿಗೆ ಒಂದು ಮಾತು: ಸಿಂಟರ್ಡ್ ಅಂದ್ರೆ ಲೋಹದ ಪುಡಿಯನ್ನ ಶಾಖ, ಒತ್ತಡ ಕೊಟ್ಟು ಗಟ್ಟಿ ಮಾಡಿದ್ದು. ರಾಳದಲ್ಲಿ ನಾರು ಬೆರೆಸಿ ಮಾಡೋ ಆರ್ಗ್ಯಾನಿಕ್‌ಗಿಂತ ಚೆನ್ನಾಗಿ ಶಾಖ ಸಾಗಿಸುತ್ತೆ, ಅಂದ್ರೆ ಪಿಸ್ಟನ್ನಿಗೂ ಫ್ಲೂಯಿಡ್‌ಗೂ ಜಾಸ್ತಿ ಬಿಸಿ ತಲುಪುತ್ತೆ. ಹಳೇ ಫ್ಲೂಯಿಡ್ ಮೇಲೆ ಹೊಸ ಸಿಂಟರ್ಡ್ ಹಾಕಿದ್ರೆ ಲಿವರ್ ಇನ್ನೂ ಬೇಗ ಕೆಳಗೆ ಬರಬಹುದು.

ಎಚ್‌ಎಚ್‌ಭಕ್ತ
ಫ್ಲೂಯಿಡ್ ಬದಲಾಯಿಸಲೇಬೇಕು, ಅದನ್ನ ಯಾರು ಬೇಡ ಅಂದ್ರು. ಪ್ರಶ್ನೆ ಇದ್ದದ್ದು ಪ್ಯಾಡಿನ ಬಗ್ಗೆ.

ಲೆಕ್ಕದಮೇಷ್ಟ್ರು
ರಸ್ತೆಗೂ ಟ್ರ್ಯಾಕಿಗೂ ಎಷ್ಟು ಅಂತರ ಅಂತ ಲೆಕ್ಕ ಹಾಕೋಣ. ಬೈಕು, ಸವಾರ, ಮೈಮೇಲಿನ ರೈಡಿಂಗ್ ಗೇರು ಎಲ್ಲ ಸೇರಿ 260 ಕೆಜಿ ಅಂತಿಟ್ಕೊಳ್ಳಿ. ರಸ್ತೆಯಲ್ಲಿ 60 ಕಿಮೀ ವೇಗದಿಂದ ಪೂರ್ತಿ ನಿಲ್ಲಿಸೋಕೆ ಸುಮಾರು 36 ಕಿಲೋಜೂಲ್ ಶಕ್ತಿಯನ್ನ ಶಾಖ ಮಾಡಬೇಕು. ಟ್ರ್ಯಾಕಿನಲ್ಲಿ 200ರಿಂದ 80ಕ್ಕೆ ಇಳಿಸೋಕೆ ಸುಮಾರು 337 ಕಿಲೋಜೂಲ್. ಒಂದೇ ಒಂದು ತಿರುವಿಗೆ ಒಂಬತ್ತು ಪಟ್ಟು. ಅದೂ ಒಂದು ಲ್ಯಾಪಿನಲ್ಲಿ ಹಲವು ಸಲ, ನಡುವೆ ಆರೋದಕ್ಕೆ ಕೆಲವೇ ಸೆಕೆಂಡು.

ಇದರಲ್ಲಿ 300 ಕಿಲೋಜೂಲ್ ಮುಂದಿನ ಎರಡು ಡಿಸ್ಕಿಗೆ ಹೋಯ್ತು, ಉಜ್ಜೋ ಭಾಗದ ಉಕ್ಕು ಎರಡೂ ಸೇರಿ 2.6 ಕೆಜಿ ಅಂದ್ರೆ, ಗಾಳಿಗೆ ಏನೂ ಹೋಗದಿದ್ರೆ ಒಂದು ಬ್ರೇಕಿಗೆ ಡಿಸ್ಕಿನ ಉಷ್ಣಾಂಶ ಸುಮಾರು 250 ಡಿಗ್ರಿ ಏರುತ್ತೆ.

ತಿರುವುಗಾರ
ಮೇಷ್ಟ್ರೇ, 200ರಲ್ಲಿ ಗಾಳಿಯೇ ದೊಡ್ಡ ಬ್ರೇಕು. ಸವಾರ ಎದ್ದು ಎದೆ ಒಡ್ಡಿದ್ರೆ ಅದರ ಪಾಲು ಇನ್ನೂ ಜಾಸ್ತಿ. ಎಂಜಿನ್ ಬ್ರೇಕಿಂಗ್ ಬೇರೆ. 300 ಪೂರ್ತಿ ಡಿಸ್ಕಿಗೆ ಹೋಗಲ್ಲ.

ಲೆಕ್ಕದಮೇಷ್ಟ್ರು
ಒಪ್ಪಿದೆ, ಅದು ಮೇಲಿನ ಮಿತಿ. ಮುಕ್ಕಾಲು ಪಾಲು ಹೋಗುತ್ತೆ ಅಂದ್ರೂ 190 ಡಿಗ್ರಿ. ರಸ್ತೆಯ ಲೆಕ್ಕದಲ್ಲಿ ಅದೇ 25, 30 ಡಿಗ್ರಿ ಅಷ್ಟೇ. ಪ್ಯಾಡ್ ಆರಿಸೋದು ಅಂದ್ರೆ ಈ ಎರಡು ಅಂಕಿ ನಡುವೆ ಎಲ್ಲಿ ನಿಲ್ತೀರಿ ಅನ್ನೋದು.

ಕೊನೆಬೆಂಚು
ಹಾಗಾದ್ರೆ ಎಚ್‌ಎಚ್ ಅಂದ್ರೆ ಏನು? ಬಿಸಿಗೆ ಒಂದು ಅಕ್ಷರ, ತಣ್ಣಗಿದ್ದಾಗ ಒಂದು ಅಕ್ಷರ, ಅಲ್ವಾ?

ಬ್ಲೀಡ್‌ನಿಪ್ಪಲ್
ಹೆಚ್ಚುಕಡಿಮೆ ಹಾಗೇ. ಅದು ಎಸ್‌ಎಇ ಜೆ866 ಅನ್ನೋ ಸಂಕೇತ. ಘರ್ಷಣೆಯ ಗುಣಾಂಕ 0.35ರಿಂದ 0.45 ಇದ್ರೆ ಎಫ್, 0.45ರಿಂದ 0.55 ಇದ್ರೆ ಜಿ, 0.55ರ ಮೇಲೆ ಎಲ್ಲಾ ಎಚ್. ಮೊದಲ ಅಕ್ಷರ ಸುಮಾರು 95ರಿಂದ 205 ಡಿಗ್ರಿ ನಡುವಿನ ಅಳತೆ, ಎರಡನೇದು ಸುಮಾರು 150ರಿಂದ 345ರ ನಡುವಿನದು. ಅಳೆಯೋದು ಒಂದು ಇಂಚು ಚೌಕದ ಚೂರನ್ನ ಡ್ರಮ್ಮಿಗೆ ಒತ್ತಿ, ಬೈಕಿನ ಮೇಲಲ್ಲ.

ಇದರಿಂದ ಎರಡು ವಿಷಯ ಗೊತ್ತಾಗಲ್ಲ. 345ರ ಮೇಲೆ ಪ್ಯಾಡ್ ಏನು ಮಾಡುತ್ತೆ ಅನ್ನೋದು, ಬೆಳಿಗ್ಗೆ ಗೇಟು ದಾಟೋವಾಗ 25 ಡಿಗ್ರಿಯಲ್ಲಿ ಹೇಗೆ ಹಿಡಿಯುತ್ತೆ ಅನ್ನೋದು. ಟ್ರ್ಯಾಕಿಗೆ ಬೇಕಾದ್ದು ಮೊದಲನೇದು, ರಸ್ತೆಗೆ ಬೇಕಾದ್ದು ಎರಡನೇದು. ಒಂದೇ ಎಚ್‌ಎಚ್ ಗುರುತಿನ ಎರಡು ಪ್ಯಾಡು ಕೈಗೆ ಪೂರ್ತಿ ಬೇರೆ ಬೇರೆ ಅನ್ನಿಸೋದು ಇದಕ್ಕೇ.

ಎಚ್‌ಎಚ್‌ಭಕ್ತ
ಸರಿ, ಆದ್ರೂ ಜಿಜಿಗಿಂತ ಎಚ್‌ಎಚ್ ಜೋರಾಗಿ ಹಿಡಿಯುತ್ತೆ ಅನ್ನೋದು ಸುಳ್ಳಲ್ಲವಲ್ಲ.

ಬ್ಲೀಡ್‌ನಿಪ್ಪಲ್
ಸುಳ್ಳಲ್ಲ. ಆದ್ರೆ ಜೋರಾಗಿ ಹಿಡಿಯೋದೊಂದೇ ಸಾಲದು, ಲಿವರ್ ಬಿಟ್ಟಾಗ ಬಿಡಲೂಬೇಕು. ಬ್ರೇಕ್ ಹಿಡಿದೇ ತಿರುವಿಗೆ ಇಳಿಯೋರಿಗೆ ಬಿಡೋ ನಯ ಹಿಡಿಯೋದಕ್ಕಿಂತ ಮುಖ್ಯ.

ಪಾನಾಪಕ್ಕಡ
ನೋಡ್ರಿ, ಹೆಸರು ಹಿಡದ ಹೇಳಿದ್ರ ಸುಲಭ ಆಗ್ತೈತಿ. ಪ್ರತಿ ಕಂಪನಿನೂ ಮೂರು ಮೆಟ್ಟಿಲು ಮಾಡೇತಿ.

ಬರೇ ರಸ್ತೆಗೆ: ಬ್ರೆಂಬೊ ಎಸ್‌ಎ, ಇಬಿಸಿ ಡಬಲ್ ಎಚ್, ಎಸ್‌ಬಿಎಸ್ ಎಚ್‌ಎಸ್, ಸಿಎಲ್ ಎ3+.
ನಡುವಿನವು: ಬ್ರೆಂಬೊ ಎಸ್‌ಸಿ, ಇಬಿಸಿ ಇಪಿಎಫ್‌ಎ, ವೆಸ್ರಾ ಆರ್‌ಜೆಎಲ್, ಸಿಎಲ್ ಎಕ್ಸ್‌ಬಿಕೆ5.
ಬರೇ ಟ್ರ್ಯಾಕಿಗೆ: ಬ್ರೆಂಬೊ ಝಡ್04 ಮತ್ತ ಆರ್‌ಸಿ, ಇಬಿಸಿ ಜಿಪಿಎಫ್‌ಎಎಕ್ಸ್, ಎಸ್‌ಬಿಎಸ್ ಡ್ಯುಯಲ್ ಕಾರ್ಬನ್, ಫೆರೋಡೊ ಎಕ್ಸ್‌ರ‍್ಯಾಕ್.

ನಿಮ್ಮಂಥವರಿಗೆ ನಡುವಿನ ಸಾಲು. ಮೂರನೇ ಸಾಲಿಗೆ ಕೈ ಹಾಕಬ್ಯಾಡ್ರಿ. ರಸ್ತ್ಯಾಗ ಅವು ಕಾಯಂಗಿಲ್ಲ. ಕಾಯದಿದ್ರ ಹಿಡಿಯಂಗಿಲ್ಲ, ಮ್ಯಾಲೆ ಡಿಸ್ಕ್ ತಿಂತಾವು.

ಮಳೆಗಾಲಿ
ಝಡ್04 ಮತ್ತೆ ಆರ್‌ಸಿಯನ್ನು ಒಂದೇ ಸಾಲಿಗೆ ಹಾಕಿದ್ರಲ್ಲ ಮಾರಾಯ್ರೆ. ಒಂದು ಸಿಂಟರ್ಡ್, ಇನ್ನೊಂದು ಕಾರ್ಬನ್ ಸೆರಾಮಿಕ್. ಎರಡೂ ಟ್ರ್ಯಾಕಿನದ್ದೇ ಹೌದು, ಕೈಗೆ ಸಿಗುವ ಅನುಭವ ಒಂದೇ ಅಲ್ಲ.

ಪಾನಾಪಕ್ಕಡ
ಖರೇ ಐತ್ರಿ. ಉಪಯೋಗ ನೋಡಿ ಸಾಲು ಮಾಡೇನಿ, ಪ್ಯಾಡಿನ ಮಸಾಲಿ ನೋಡಿ ಅಲ್ಲ.

ಹೊಸಟಯರ್
ಮೂರನೇ ಸಾಲಿನದ್ದು ಬರೀ ಟ್ರ್ಯಾಕ್ ಡೇಗೆ, ಉಳಿದ ದಿನ ಈಗಿರೋ ಪ್ಯಾಡು. ಹಿಂದಿನ ರಾತ್ರಿ ಬದಲಾಯಿಸಿಕೊಂಡರೆ? ಎರಡು ಪಿನ್ನು ಬಿಚ್ಚೋದು ತಾನೇ.

ತಿರುವುಗಾರ
ಪಿನ್ನು ಬಿಚ್ಚೋದು ಸುಲಭ. ಕಷ್ಟ ಡಿಸ್ಕಿನ ಮೇಲಿದೆ. ಪ್ಯಾಡು ಕೆಲಸ ಮಾಡೋದು ಬರೀ ಡಿಸ್ಕನ್ನ ಉಜ್ಜಿ ಅಲ್ಲ. ತನ್ನದೇ ಮಸಾಲೆಯ ತೆಳು ಪದರವನ್ನ ಡಿಸ್ಕಿಗೆ ಬಳಿದು, ಆ ಪದರದ ಮೇಲೆ ಹಿಡಿಯುತ್ತೆ. ಆರ್ಗ್ಯಾನಿಕ್ ಪದರದ ಮೇಲೆ ಸಿಂಟರ್ಡ್ ಬಂತು ಅಂದ್ರೆ ಹಳೇದನ್ನ ಕಿತ್ತು ತನ್ನದನ್ನ ಬಳಿಯೋ ತನಕ ಹಿಡಿತ ಒಂದೊಂದು ಕಡೆ ಒಂದೊಂದು ಥರ. ಅಲ್ಲಲ್ಲಿ ತೇಪೆ ಉಳಿದ್ರೆ ಲಿವರ್ ಮಿಡಿಯೋಕೆ ಶುರು.

ಬದಲಾಯಿಸಲೇಬೇಕು ಅಂದ್ರೆ ಎರಡು ದಾರಿ. ಎರಡೂ ಸೆಟ್ ಒಂದೇ ಕಂಪನಿಯ ಸಿಂಟರ್ಡ್ ಆಗಿರಲಿ, ಪದರಗಳು ಜಗಳ ಆಡೋದು ಕಡಿಮೆ. ಇಲ್ಲ ಟ್ರ್ಯಾಕಿಗೆ ಬೇರೆ ಡಿಸ್ಕ್, ಬೇರೆ ಚಕ್ರ.

ಕೊನೆಬೆಂಚು
ಬೇರೆ ಚಕ್ರ ಇಟ್ಕೊಳ್ಳೋರು ಇಲ್ಲಿ ಪ್ಯಾಡ್ ಯಾವುದು ಅಂತ ಕೇಳ್ತಾ ಕೂರಲ್ಲ ಬಿಡಿ.

ಲೆಕ್ಕದಮೇಷ್ಟ್ರು
ಡಿಸ್ಕ್ ಉಜ್ಜಿದ್ರೂ ಆಗುತ್ತಲ್ಲ. 180ರಿಂದ 220 ಗ್ರಿಟ್ಟಿನ ಎಮರಿ ಕಾಗದ, ಸಣ್ಣ ಸಣ್ಣ ಸುತ್ತು ಹಾಕ್ತಾ ಎರಡೂ ಮುಖ. ಬ್ರೇಕ್ ಕ್ಲೀನರ್ ಹಾಕಿ ಹೊಸ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತೋದು ನಿಲ್ಲೋ ತನಕ. ಒಂದೇ ದಿಕ್ಕಿಗೆ ಗೀರಬೇಡಿ. ಹೊಳಪು ಹೋಗಿ ಮಂಕಾದ್ರೆ ಸಾಕು, ಲೋಹ ತೆಗೆಯೋ ಕೆಲಸ ಅಲ್ಲ ಇದು.

ತಿರುವುಗಾರ
ಆಗುತ್ತೆ. ವರ್ಷಕ್ಕೊಂದು ಸಲ ಸರಿ, ಪ್ರತಿ ಟ್ರ್ಯಾಕ್ ಡೇ ಹಿಂದಿನ ರಾತ್ರಿ ಯಾರು ಮಾಡ್ತಾರೆ? ಅಪರೂಪಕ್ಕೆ ಹೋಗೋರಿಗೆ ನಡುವಿನ ಸಾಲಿನ ಒಂದೇ ಸೆಟ್ಟು. ಎರಡು ಸೆಟ್ಟಿನ ಮಾತು ಲ್ಯಾಪ್ ಟೈಮು ಲೆಕ್ಕ ಹಾಕೋರಿಗೆ.

ಮಳೆಗಾಲಿ
ಕಂಪನಿ ಪ್ಯಾಡನ್ನು ಅಷ್ಟು ಹಗುರ ಮಾಡುವುದು ಬೇಡ. ಈ ಗಾತ್ರದ ಬೈಕಿಗೆ ಹೆಚ್ಚಾಗಿ ಸಿಂಟರ್ಡ್ ಪ್ಯಾಡೇ ಬರುವುದು. ಮಧ್ಯಮ ವೇಗದ ಸವಾರನಿಗೆ ಹೊಸ ಫ್ಲೂಯಿಡ್ ಇದ್ದರೆ ಅದೇ ಸಾಕು. ಮತ್ತೆ ರಸ್ತೆ ಅಂದರೆ ಮಳೆಯೂ ಉಂಟಲ್ಲ. ಒದ್ದೆ ಡಿಸ್ಕಿನಲ್ಲಿ ಸಿಂಟರ್ಡ್ ಬೇಗ ಹಿಡಿಯುತ್ತದೆ, ಆರ್ಗ್ಯಾನಿಕ್ ಮೊದಲ ಕ್ಷಣ ಜಾರಿದ ಹಾಗೆ ಆಗ್ತದೆ. ರೇಸಿನ ಕಾರ್ಬನ್ ಪ್ಯಾಡನ್ನು ತಣ್ಣಗಿನ ಒದ್ದೆ ರಸ್ತೆಯಲ್ಲಿ ನಂಬ್ಲಿಕ್ಕೆ ಹೋಗಬೇಡಿ.

ಎಚ್‌ಎಚ್‌ಭಕ್ತ
ನೋಡಿ, ಕಡೆಗೆ ಎಲ್ಲರೂ ಸಿಂಟರ್ಡ್‌ಗೇ ಬಂದ್ರು 😄

ಪಾನಾಪಕ್ಕಡ
ಬಂದೇವ್ರಿ, ಆದ್ರ ಹಿಂದಿನ ಚಕ್ರಕ್ಕ ಬ್ಯಾಡ. ಜೋರು ಬ್ರೇಕ್ ಹಿಡದಾಗ ತೂಕ ಎಲ್ಲಾ ಮುಂದ ಹೋಗಿರ್ತೈತಿ, ಹಿಂದಿನ ಟಯರ್ ಬರೇ ನೆಲಕ್ಕ ಮುಟ್ಟಿರ್ತೈತಿ ಅಷ್ಟ. ಅಲ್ಲಿ ಜೋರಾಗಿ ಹಿಡಿಯೋ ಪ್ಯಾಡ್ ಹಾಕಿದ್ರ ಎಬಿಎಸ್ ಕಟಕಟ ಅಂತೈತಿ, ಎಬಿಎಸ್ ಇಲ್ಲಾಂದ್ರ ಚಕ್ರ ಲಾಕ್. ಹಿಂದ ಆರ್ಗ್ಯಾನಿಕ್ ಇಲ್ಲಾ ಕಂಪನಿದ ಇರಲಿ.

ಕೊನೆಬೆಂಚು
ಹಿಂದಿನ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸೋ ಅಭ್ಯಾಸ ಇರೋರಿಗೆ ಆರ್ಗ್ಯಾನಿಕ್ ಗಾಜಿನ ಹಾಗೆ ಹೊಳೆಯೋಕೆ ಶುರುವಾಗುತ್ತೆ, ಗಮನಿಸಿ.

ಹೊಸಟಯರ್
ಹಾಗೆ ಹೊಳಪು ಬಂದ ಪ್ಯಾಡನ್ನ ಉಜ್ಜಿ ಸರಿ ಮಾಡಬಹುದಾ?

ಲೆಕ್ಕದಮೇಷ್ಟ್ರು
ಮೇಲ್ಮೈ ಮಾತ್ರ ಹೊಳೀತಿದ್ರೆ ಆಗುತ್ತೆ. ಸಪಾಟು ಗಾಜಿನ ಮೇಲೆ 120 ಗ್ರಿಟ್ ಕಾಗದ ಇಟ್ಟು, ಪ್ಯಾಡನ್ನ ಎಂಟರ ಆಕಾರದಲ್ಲಿ ತಿಕ್ಕಿ. ಒಳಗಿನ ರಾಳವೇ ಸುಟ್ಟು ಅಂಚು ಪುಡಿಪುಡಿ ಉದುರ್ತಿದ್ರೆ ಎಸೀರಿ. ದೂಳು ಮೂಗಿಗೆ ಹೋಗದ ಹಾಗೆ ನೋಡ್ಕೊಳ್ಳಿ, ಕಾಗದ ಒದ್ದೆ ಮಾಡಿಕೊಂಡ್ರೆ ವಾಸಿ.

ಎಚ್‌ಎಚ್‌ಭಕ್ತ
ಎಣ್ಣೆ ಬಿದ್ದ ಸಿಂಟರ್ಡ್ ಪ್ಯಾಡನ್ನ ಗ್ಯಾಸ್ ಟಾರ್ಚಿನಲ್ಲಿ ಸುಟ್ಟರೆ ಸರಿ ಹೋಗುತ್ತೆ ಅಂತಾರೆ.

ಬ್ಲೀಡ್‌ನಿಪ್ಪಲ್
ದಯವಿಟ್ಟು ಆ ಸಲಹೆ ಕೊಡಬೇಡಿ. ಸಿಂಟರ್ಡ್ ಪ್ಯಾಡಿನ ತುಂಬ ಸೂಕ್ಷ್ಮ ರಂಧ್ರ, ಎಣ್ಣೆ ಒಳಗಿಳಿದಿರುತ್ತೆ. ಮೇಲೆ ಸುಟ್ಟದ್ದು ಚೆನ್ನಾಗಿ ಕಾಣುತ್ತೆ, ಮುಂದಿನ ಜೋರು ಬ್ರೇಕಿನಲ್ಲಿ ಉಳಿದದ್ದು ಬೆವರಿನ ಹಾಗೆ ಹೊರಗೆ ಬರುತ್ತೆ. ಫೋರ್ಕ್ ಸೀಲಿನ ಎಣ್ಣೆ ಬಿದ್ದ ಪ್ಯಾಡ್ ಕಸಕ್ಕೆ. ಪ್ಯಾಡಿಗೆ ಮೊದಲು ಸೀಲು ಬದಲಾಯಿಸಿ, ಇಲ್ಲಾಂದ್ರೆ ಹೊಸದೂ ಅದೇ ಗತಿ.

ತಿರುವುಗಾರ
ಟೈಟಾನಿಯಂ ಶಿಮ್, ಅಂದ್ರೆ ತೆಳು ತಗಡು, ಅದರ ಬಗ್ಗೆ ಯಾರಾದ್ರೂ ಹೇಳ್ತೀರಾ? ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಹಾಕಿದ್ರೆ ಫ್ಲೂಯಿಡ್‌ಗೆ ಬಿಸಿ ಕಡಿಮೆ ಹೋಗುತ್ತೆ ಅನ್ನೋದು ಸರಿ, ಆದ್ರೆ ಬಿಸಿ ಮಾಯ ಆಗಲ್ಲವಲ್ಲ, ಪ್ಯಾಡಿನಲ್ಲೂ ಡಿಸ್ಕಿನಲ್ಲೂ ಉಳಿಯುತ್ತೆ.

ಬ್ಲೀಡ್‌ನಿಪ್ಪಲ್
ಅದೇ ಪೇಚು. ಹೊಸ ಫ್ಲೂಯಿಡ್, ದಪ್ಪ ಇರೋ ಪ್ಯಾಡು, ಸ್ವಚ್ಛ ಪಿಸ್ಟನ್ನು ಮೂರೂ ಇದ್ದೂ ಲಿವರ್ ಇಳಿದ್ರೆ ಮಾತ್ರ ಶಿಮ್ಮಿನ ಯೋಚನೆ. ಪ್ಯಾಡಿನ ಮಸಾಲೆಯೇ ಒಂದು ತಡೆ ಅನ್ನೋದನ್ನ ಮರೀತಾರೆ: 4 ಎಂಎಂ ಇದ್ದದ್ದು 1.5ಕ್ಕೆ ಬಂದ್ರೆ ಬಿಸಿ ನೇರ ಪಿಸ್ಟನ್ನಿಗೆ. ರಸ್ತೆಗೆ ಇನ್ನೂ ನಡೆಯುತ್ತೆ ಅನ್ನೋ ಪ್ಯಾಡು ಟ್ರ್ಯಾಕಿಗೆ ನಡೆಯಲ್ಲ. ಟ್ರ್ಯಾಕಿಗೆ ಹೋಗೋವಾಗ ಕನಿಷ್ಠ ಅರ್ಧ ದಪ್ಪ ಇರಲಿ. ಪ್ಯಾಡ್ ಬಿಚ್ಚಿದಾಗ ನಾಲ್ಕೂ ಮೂಲೆಯ ದಪ್ಪ ಅಳೀರಿ. ಒಂದು ಕಡೆ ಸವೆದು ಇಳಿಜಾರಾಗಿದ್ರೆ ಒಂದು ಪಿಸ್ಟನ್ ಬಿಗಿ ಹಿಡಿದಿದೆ ಅಂತ ಅರ್ಥ.

ಪಾನಾಪಕ್ಕಡ
ಇದನ್ನ ಒತ್ತಿ ಹೇಳ್ತೀನ್ರಿ. ಹತ್ತರಾಗ ಎಂಟು ಮಂದಿ ಹೊಸ ಪ್ಯಾಡ್ ಹಾಕುವಾಗ ಹೊಲಸ ಪಿಸ್ಟನ್ನ ಹಂಗ ಒಳಗ ದಬ್ಬತಾರ. ಆ ದೂಳು ಸೀಲಿಗೆ ಕೂರತೈತಿ, ಪಿಸ್ಟನ್ ವಾಪಸ್ ಬರಂಗಿಲ್ಲ, ಪ್ಯಾಡ್ ಡಿಸ್ಕಿಗೆ ಸವರಕೋಂತ ಬಿಸಿ ಆಗ್ತೈತಿ. ಆಮ್ಯಾಲೆ ಪ್ಯಾಡ್ ಕೆಟ್ಟದ್ದು ಅಂತ ಬೈತಾರ.

ಕ್ರಮ ಇದು. ಕ್ಯಾಲಿಪರ್ ಬಿಚ್ಚೋಕಿಂತ ಮೊದಲ ಪ್ಯಾಡ್ ಪಿನ್ ಸಡಿಲ ಮಾಡ್ರಿ, ಬಿಚ್ಚಿದ ಮ್ಯಾಲೆ ಹಿಡಿಯಾಕ ಏನೂ ಸಿಗಂಗಿಲ್ಲ. ಪ್ಯಾಡ್ ತಗದು ಲಿವರ್ ಮೆಲ್ಲಕ ಹಿಂಡಿ ಪಿಸ್ಟನ್ ಐದಾರು ಎಂಎಂ ಹೊರಗ ತರ್ರಿ. ಪೂರಾ ಹೊರಗ ಬೀಳೂ ಹಂಗ ಅಲ್ಲ, ನಡುವ ಒಂದು ಕಟಿಗಿ ತುಂಡು ಇಡ್ರಿ. ಸಾಬೂನು ನೀರು, ಹಲ್ಲುಜ್ಜೋ ಬ್ರಶ್ಶು, ಸುತ್ತಲೂ ತಿಕ್ಕಿ ತೊಳೀರಿ. ಪೆಟ್ರೋಲು, ಡೀಸೆಲ್, ಎಂಜಿನ್ ಆಯಿಲ್ ಹತ್ತಿರನೂ ತರಬ್ಯಾಡ್ರಿ, ಇಪಿಡಿಎಂ ರಬ್ಬರ್ ಸೀಲು ಊದಿ ಕೆಡ್ತಾವು. ಒಣಗಿದ ಮ್ಯಾಲೆ ಹೊಸ ಬ್ರೇಕ್ ಫ್ಲೂಯಿಡ್ ಒಂದು ಹನಿ ಇಲ್ಲಾ ಕೆಂಪು ರಬ್ಬರ್ ಗ್ರೀಸ್ ಬೆರಳಿಲೆ ಸವರಿ, ಕೈಲೇ ಒಳಗ ಒತ್ತರಿ. ಕೈಲೆ ಹೋಗದಿದ್ರ ಸೀಲು ಬದಲಾಯಿಸೋ ಹೊತ್ತು ಬಂತು ಅಂತ ತಿಳೀರಿ.

ಮಳೆಗಾಲಿ
ಪಿಸ್ಟನ್ ಒಳಗೆ ಒತ್ತುವಾಗ ಮೇಲಿನ ಡಬ್ಬಿ ನೋಡಿಕೊಳ್ಳಿ. ತುಂಬಿ ಹೊರಗೆ ಚೆಲ್ಲಿದರೆ ಟ್ಯಾಂಕಿನ ಪೇಂಟ್ ಹೋಯ್ತು. ಚೆಲ್ಲಿದ್ರೆ ಒರೆಸ್ಲಿಕ್ಕೆ ಹೋಗಬೇಡಿ, ಕೂಡಲೇ ನೀರು ಹೊಯ್ಯಿರಿ.

ಹೊಸಟಯರ್
ಹೊಸ ಪ್ಯಾಡನ್ನ ಡಿಸ್ಕಿಗೆ ಪಳಗಿಸೋ ಬೆಡ್ಡಿಂಗ್ ಅಂತ ಎಲ್ಲರೂ ಹೇಳ್ತಾರೆ. ಸರಿಯಾಗಿ ಹೇಗೆ? ಸಿಂಟರ್ಡ್‌ಗೆ ಬೇಡ ಅಂತ ಒಬ್ಬರು ಹೇಳಿದ್ರು.

ತಿರುವುಗಾರ
ಬೇಕೇ ಬೇಕು. ಪ್ಯಾಕೆಟ್ಟಿನಲ್ಲಿ ಬೇರೆ ಸೂಚನೆ ಇದ್ರೆ ಅದೇ ಮೊದಲು. ಇಲ್ಲಾಂದ್ರೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹತ್ತು ಸಲ ಮಧ್ಯಮ ಒತ್ತಡದಲ್ಲಿ ಇಳಿಸಿ. ಪ್ರತಿ ಸಲದ ನಡುವೆ ಅರ್ಧ ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ. ಆಮೇಲೆ ಜಾಗ ಇದ್ರೆ, ಟ್ರ್ಯಾಕಿನ ಮೊದಲ ಸೆಷನ್ ಆದ್ರೆ ಇನ್ನೂ ಒಳ್ಳೇದು, 100ರಿಂದ 40ಕ್ಕೆ ಏಳೆಂಟು ಸಲ ಜೋರಾಗಿ. ಕಡೆಗೆ ಐದು ನಿಮಿಷ ಬ್ರೇಕಿಲ್ಲದೆ ಓಡಿಸಿ ಆರಿಸಿ.

ಮುಖ್ಯ ವಿಷಯ: ಬಿಸಿ ಇರುವಾಗ ಪೂರ್ತಿ ನಿಂತು ಲಿವರ್ ಹಿಡಿದುಕೊಂಡೇ ಇರಬೇಡಿ. ಪ್ಯಾಡಿನ ಆಕಾರದಲ್ಲೇ ಒಂದು ಅಚ್ಚು ಡಿಸ್ಕಿನ ಮೇಲೆ ಕೂರುತ್ತೆ. ಆಮೇಲೆ ಲಿವರ್ ಮಿಡಿದ್ರೆ ಡಿಸ್ಕು ಬಾಗಿತು ಅಂತ ಹೊಸದು ತರೋಕೆ ಓಡ್ತಾರೆ. ಹೆಚ್ಚಿನ ಸಲ ಬಾಗಿರಲ್ಲ, ಅಚ್ಚು ಉಜ್ಜಿ ತೆಗೆದು ಮತ್ತೆ ಬೆಡ್ ಮಾಡಿದ್ರೆ ಹೋಗುತ್ತೆ. ಪಿಟ್ಟಿಗೆ ಬಂದಾಗಲೂ ಅಷ್ಟೇ, ಬ್ರೇಕ್ ಬಿಟ್ಟು ಗೇರಿನಲ್ಲಿ ನಿಲ್ಲಿಸಿ.

ಲೆಕ್ಕದಮೇಷ್ಟ್ರು
ಡಿಸ್ಕ್ ಮಾತು ಬಂತಲ್ಲ, ದಪ್ಪವನ್ನೂ ನೋಡಿ. ಕನಿಷ್ಠ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಕೊರೆದಿರ್ತಾರೆ. ಮೈಕ್ರೋಮೀಟರಿನಲ್ಲಿ ನಾಲ್ಕೈದು ಕಡೆ ಅಳೀರಿ. ವರ್ನಿಯರ್ ಹಾಕಿದ್ರೆ ಅಂಚಿನ ಸವೆಯದ ದಿಣ್ಣೆ ಮೇಲೆ ಕೂತು ಸುಳ್ಳು ಹೇಳುತ್ತೆ.

ಕೊನೆಬೆಂಚು
ಡಿಸ್ಕ್ ಎಷ್ಟು ಬಿಸಿ ಆಗುತ್ತೆ ಅಂತ ಪಿಟ್ಟಿನಲ್ಲಿ ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದ್ರೆ 140 ಅಂತ ತೋರಿಸುತ್ತೆ, ಹಾಗಾದ್ರೆ ಇದೆಲ್ಲ ಅತಿಯಾಯ್ತಲ್ಲ?

ಲೆಕ್ಕದಮೇಷ್ಟ್ರು
ಹೊಳೆಯೋ ಉಕ್ಕಿನ ಮೇಲೆ ಆ ಗನ್ನು ನಿಜ ಹೇಳಲ್ಲ. ಹೊಳಪು ಮೈ ಶಾಖ ಕಿರಣ ಕಡಿಮೆ ಸೂಸುತ್ತೆ, ಹಾಗಾಗಿ ತೋರಿಸೋದು ಕಡಿಮೆ. ಅದೂ ಅಲ್ಲದೆ ನೀವು ಪಿಟ್ಟಿಗೆ ಬರೋ ಹೊತ್ತಿಗೆ ಒಂದು ನಿಧಾನದ ಲ್ಯಾಪು ಆರಿರುತ್ತೆ. ಡಿಸ್ಕಿನ ಹೊರ ಅಂಚಿಗೆ ಬಳಿಯೋ ಉಷ್ಣಾಂಶದ ಬಣ್ಣ ಸಿಗುತ್ತೆ: ಹಸಿರು 430ಕ್ಕೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತೆ. ಹಸಿರು ಬದಲಾಗಲೇ ಇಲ್ಲ ಅಂದ್ರೆ ನಿಮಗೆ ರೇಸ್ ಪ್ಯಾಡ್ ಬೇಕಿಲ್ಲ ಅಂತ ಅದೇ ಹೇಳಿತು.

ಎಚ್‌ಎಚ್‌ಭಕ್ತ
ಇದು ಒಳ್ಳೆ ಉಪಾಯ. ಕ್ಯಾಲಿಪರಿಗೆ?

ಲೆಕ್ಕದಮೇಷ್ಟ್ರು
ಅಂಟಿಸೋ ಪಟ್ಟಿ ಇದೆ, ಮುಟ್ಟಿದ ಗರಿಷ್ಠ ಉಷ್ಣಾಂಶದ ಚೌಕ ಕಪ್ಪಾಗಿ ಹಾಗೇ ಉಳಿಯುತ್ತೆ. ಫ್ಲೂಯಿಡ್ ಬಗ್ಗೆ ಚಿಂತೆ ಇರೋರಿಗೆ ಡಿಸ್ಕಿನ ಬಣ್ಣಕ್ಕಿಂತ ಈ ಪಟ್ಟಿ ಉಪಯೋಗ.

ಕೊನೆಬೆಂಚು
ಮೋಟೋಜಿಪಿಯಲ್ಲಿ ಕಾರ್ಬನ್ ಡಿಸ್ಕ್ ಹಾಕ್ತಾರಲ್ಲ, ನಮ್ಮ ಬೈಕಿಗೆ ಯಾಕೆ ಬರಲ್ಲ?

ಮಳೆಗಾಲಿ
ತಣ್ಣಗಿದ್ದರೆ ಅದು ಹಿಡಿಯುವುದೇ ಇಲ್ಲ, 200 ಡಿಗ್ರಿ ದಾಟಿದ ಮೇಲೆ ಅದರ ಆಟ. ಸಿಗ್ನಲ್ಲಿನಲ್ಲಿ ನಿಲ್ಲಿಸ್ಲಿಕ್ಕೆ ಆಗದ ಬ್ರೇಕು ಯಾರಿಗೆ ಬೇಕು? ವರ್ಲ್ಡ್ ಸೂಪರ್‌ಬೈಕಿನಲ್ಲಿ ಉಕ್ಕಿನ ಡಿಸ್ಕೇ ಇರುವುದು, ಅವರೇನು ನಿಧಾನ ಹೋಗ್ತಾರಾ?

ಮಾಡರೇಟರ್
ಕಾರ್ಬನ್ ಡಿಸ್ಕಿಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಪ್ಯಾಡ್ ಮುಂದುವರಿಸಿ.

ಹೊಸಟಯರ್
ಸರಿ, ಮೊದಲು ಫ್ಲೂಯಿಡ್, ಆಮೇಲೆ ನಡುವಿನ ಸಾಲಿನ ಪ್ಯಾಡು. ಫ್ಲೂಯಿಡ್ ಯಾವುದು? ಡಾಟ್ 5 ಅಂದ್ರೆ 5.1ರ ಹತ್ತಿರದ್ದೇ ತಾನೇ?

ಬ್ಲೀಡ್‌ನಿಪ್ಪಲ್
ಅಲ್ಲ! ಡಾಟ್ 5 ಸಿಲಿಕೋನ್, ನಿಮ್ಮ ವ್ಯವಸ್ಥೆಗೆ ಬೇಡ, ಗ್ಲೈಕಾಲ್ ಜೊತೆ ಸೇರಲ್ಲ, ಎಬಿಎಸ್‌ಗೂ ಆಗಲ್ಲ. ಡಾಟ್ 4 ಅಥವಾ 5.1, ಇಲ್ಲ ರೇಸಿನ ಡಾಟ್ 4. ಉದಾಹರಣೆಗೆ ಮೋಟುಲ್ ಆರ್‌ಬಿಎಫ್ 600ರ ಒಣ ಕುದಿಬಿಂದು 312 ಡಿಗ್ರಿ. ಹಾಕಿದ ಮೇಲೆ ಮರೆಯಬೇಡಿ, ಟ್ರ್ಯಾಕಿನ ಬೈಕಿಗೆ ವರ್ಷಕ್ಕೊಮ್ಮೆಯಾದ್ರೂ ಹೊಸದು. ತೆರೆದ ಬಾಟಲಿ ಕಪಾಟಿನಲ್ಲಿಟ್ಟು ಮುಂದಿನ ವರ್ಷಕ್ಕೆ ಬಳಸಬೇಡಿ.

ಬ್ಲೀಡ್ ಮಾಡೋವಾಗ, ಅಂದ್ರೆ ಹಳೇ ಫ್ಲೂಯಿಡ್, ಗಾಳಿ ಹೊರಗೆ ತೆಗೆಯೋವಾಗ, ಡಬ್ಬಿ ಖಾಲಿ ಆಗೋಕೆ ಬಿಡಬೇಡಿ. ನಿಪ್ಪಲ್ ಸಡಿಲಿಸಿ, ಲಿವರ್ ಹಿಂಡಿ, ಲಿವರ್ ಬಿಡೋ ಮೊದಲು ನಿಪ್ಪಲ್ ಬಿಗಿ ಮಾಡಿ. ಪೈಪಿನಲ್ಲಿ ಬಣ್ಣ ತಿಳಿಯಾಗೋ ತನಕ. ಮಾಸ್ಟರ್ ಸಿಲಿಂಡರಿಗೇ ನಿಪ್ಪಲ್ ಇದ್ರೆ ಅಲ್ಲಿಂದಲೂ, ಹೋಸ್ ಕೂಡೋ ಮೇಲಿನ ಬ್ಯಾಂಜೋ ಬೋಲ್ಟಿನ ಹತ್ತಿರ ಗುಳ್ಳೆ ಅವಿತಿರುತ್ತೆ. ಎಬಿಎಸ್ ಘಟಕದ ಒಳಗಿನ ಹಳೇ ಫ್ಲೂಯಿಡ್ ಹೊರಬರೋಕೆ ಕೆಲವು ಬೈಕಿಗೆ ಡಯಾಗ್ನೋಸ್ಟಿಕ್ ಟೂಲು ಬೇಕು. ಮಾಮೂಲಿ ಬದಲಾವಣೆಗೆ ಬೇಡ, ಒಳಗೆ ಗಾಳಿ ಹೋದ್ರೆ ಬೇಕು.

ತಿರುವುಗಾರ
ರಾತ್ರಿ ಲಿವರನ್ನ ಹಿಂಡಿ ಹ್ಯಾಂಡಲ್ಲಿಗೆ ಕಟ್ಟಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿರುತ್ತೆ.

ಬ್ಲೀಡ್‌ನಿಪ್ಪಲ್
ಗಟ್ಟಿ ಅನ್ನಿಸುತ್ತೆ. ಸಣ್ಣ ಗುಳ್ಳೆ ಒತ್ತಡಕ್ಕೆ ಕರಗಿರುತ್ತೆ, ಒತ್ತಡ ಬಿಟ್ಟು ಬಿಸಿಯಾದಾಗ ಮತ್ತೆ ಏಳಬಹುದು. ಕಟ್ಟಿ, ಬೇಡ ಅನ್ನಲ್ಲ. ಬ್ಲೀಡಿಂಗಿಗೆ ಬದಲು ಅಂತ ತಿಳೀಬೇಡಿ.

ತಿರುವುಗಾರ
ಬದಲು ಅಂತ ಎಲ್ಲಿ ಹೇಳಿದೆ ಸಾರ್.

ಎಚ್‌ಎಚ್‌ಭಕ್ತ
ಸ್ಟೀಲ್ ಹೆಣೆದ ಹೋಸ್ ಹಾಕಿಸಿದ್ರೆ ಕುದಿಯೋದು ನಿಲ್ಲುತ್ತಾ?

ಮಳೆಗಾಲಿ
ಇಲ್ಲ. ಹೋಸ್ ಉಬ್ಬುವುದು ಕಡಿಮೆ ಆಗಿ ಲಿವರ್ ಗಟ್ಟಿ ಅನ್ನಿಸ್ತದೆ, ಕುದಿಬಿಂದು ಅದೇ. ಹಾಕುವಾಗ ಬ್ಯಾಂಜೋದ ತಾಮ್ರದ ವಾಷರ್ ಎರಡೂ ಹೊಸದು ಹಾಕಿ.

ಹೊಸಟಯರ್
ಇನ್ನೊಂದು ಅನುಮಾನ. ಒಂದು ಲ್ಯಾಪಿನಲ್ಲಿ ಲಿವರ್ ಒಮ್ಮೆಲೇ ಪೂರ್ತಿ ಒಳಗೆ ಬಂದು, ಇನ್ನೊಂದು ಸಲ ಹಿಂಡಿದ್ರೆ ಸರಿಯಾಗಿತ್ತು. ಅದು ಹ್ಯಾಂಡಲ್ ಅಲ್ಲಾಡಿದ ಮೇಲೆ ಬಂದ ತಿರುವು. ಅದೂ ಕುದ್ದದ್ದೇನಾ?

ತಿರುವುಗಾರ
ಅದು ಬೇರೆ ಇರಬಹುದು. ಹ್ಯಾಂಡಲ್ ಜೋರಾಗಿ ಅಲ್ಲಾಡಿದಾಗ ಡಿಸ್ಕು ಪ್ಯಾಡನ್ನ ಬಡಿದು ಪಿಸ್ಟನ್ನನ್ನ ಹಿಂದಕ್ಕೆ ತಳ್ಳುತ್ತೆ. ಮುಂದಿನ ಸಲ ಲಿವರಿನ ಮೊದಲರ್ಧ ಪಿಸ್ಟನ್ ಮುಂದೆ ತರೋದಕ್ಕೇ ಹೋಗುತ್ತೆ. ಗುರುತು ಏನಂದ್ರೆ ಒಂದೇ ಪಂಪಿಗೆ ಪೂರ್ತಿ ಸರಿ, ಮೆತ್ತಗೆ ಅನ್ನಿಸಲ್ಲ, ಫ್ಲೂಯಿಡ್ ತಣ್ಣಗಿದ್ರೂ ಆಗುತ್ತೆ. ಚಕ್ರದ ಬೇರಿಂಗ್, ತೇಲೋ ಡಿಸ್ಕನ್ನ ನಡುವಿನ ಭಾಗಕ್ಕೆ ಜೋಡಿಸೋ ಬಾಬಿನ್‌ಗಳು, ಸ್ಟೀರಿಂಗ್ ಬೇರಿಂಗ್ ನೋಡಿ. ಅಲುಗಾಡಿದ ಮೇಲೆ ನೇರ ದಾರಿಯಲ್ಲೇ ಬೆರಳಿನಲ್ಲಿ ಲಿವರ್ ಒಮ್ಮೆ ಮುಟ್ಟಿ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ಹೊಸಟಯರ್
ಧನ್ಯವಾದ. ಈ ವಾರ ಫ್ಲೂಯಿಡ್ ಮತ್ತೆ ಪಿಸ್ಟನ್ ತೊಳೆಯೋ ಕೆಲಸ. ಪ್ಯಾಡ್ ಪಿನ್ನಿಗೆ, ಕ್ಯಾಲಿಪರ್ ಬೋಲ್ಟಿಗೆ ಟಾರ್ಕ್ ಎಷ್ಟು?

ಪಾನಾಪಕ್ಕಡ
ಬೈಕಿನ ಮ್ಯಾನುವಲ್ ನೋಡ್ರಿ, ಒಂದೊಂದು ಬೈಕಿಗೆ ಒಂದೊಂದು. ಅಂದಾಜಿನ್ಯಾಗ ಬಿಗಿ ಮಾಡಬ್ಯಾಡ್ರಿ, ಕ್ಯಾಲಿಪರ್ ಕಾಲು ಅಲ್ಯೂಮಿನಿಯಂ, ತ್ರೆಡ್ ಹರಿತೈತಿ. ಕ್ಲಿಪ್ಪು ಹಾಕೋದು ಮರೀಬ್ಯಾಡ್ರಿ. ಎಲ್ಲಾ ಆದ ಮ್ಯಾಲೆ ಬೈಕ್ ಮ್ಯಾಲೆ ಕೂಡೋಕಿಂತ ಮೊದಲ ಲಿವರ್ ಗಟ್ಟಿ ಆಗೂತನ ಪಂಪ್ ಮಾಡ್ರಿ. ಪಿಸ್ಟನ್ ಒಳಗ ಒತ್ತಿರ್ತೀರಿ, ಮೊದಲ ಹಿಂಡಿಗೆ ಬ್ರೇಕೇ ಇರಂಗಿಲ್ಲ.

ಕೊನೆಬೆಂಚು
ಹಿಂದಿನ ಪೆಡಲ್ಲಿಗೂ ಅದೇ ಮಾಡಿ. ಹಿಂದಿನದನ್ನ ಪಂಪ್ ಮಾಡೋದು ಎಲ್ಲರೂ ಮರೀತಾರೆ.